ಬಲ ಕೊಟ್ಟ ಬಸವನಹುಳು

ತಿಮ್ಮೇಶ ಸಾಕಿದ್ದ ಬಸವನಹುಳುಗಳು ಯಾರ ತಂಟೆಗೂ ಹೋದವಲ್ಲ. ಹೊರಟರೂ ಅವು ತಲುಪುವ ಹೊತ್ತಿಗೆ ತಂಟೆಯೇ ಮುಗಿದಿರುತ್ತಿತ್ತು. ಪುಟ್ಟ ಗಾಜಿನ ತೊಟ್ಟಿಯಲ್ಲಿ ಹಳದಿ ಚಿಪ್ಪು ಹೊತ್ತು, ಪಾಚಿ ಮೇಯ್ದುಕೊಂಡಿದ್ದವು. ಆ ಬೆಳಿಗ್ಗೆ ಮಾತ್ರ ನಲ್ಲಿ ನೋಡಲು ಬಂದ ಮನೆ ಒಡತಿ ಸುಂಕಲಮ್ಮನ ಕಣ್ಣಿಗೆ ಬಿದ್ದುಬಿಟ್ಟವು.

"ಥೂ! ಹುಳ ಸಾಕಾಕೆ ನನ್ನ ಮನೆನೇ ಬೇಕಾಗಿತ್ತೇನೋ? ಸಂಜಿಯೊಳಗೆ ಇವನ್ನ ಹೊರಗೆ ಹಾಕು, ಇಲ್ಲ ನೀನೇ ಖಾಲಿ ಮಾಡು!"

ಮದುವೆಯಾಗದ ಗಂಡಿಗೆ ಜಗಳೂರಿನಲ್ಲಿ ಹೆಣ್ಣಾದರೂ ಸಿಕ್ಕೀತು, ಬಾಡಿಗೆ ಮನೆ ಸಿಗದು. ಆದರೂ ಹುಳುಗಳನ್ನು ಬಿಡಲು ತಿಮ್ಮೇಶನಿಗೆ ಮನಸ್ಸಿಲ್ಲ. ಮೊಬೈಲ್ ಅಂಗಡಿಯಲ್ಲಿ ದಿನವಿಡೀ ಬೈಸಿಕೊಂಡು ಬರುವವನಿಗೆ, ತಿರುಗಿ ಮಾತಾಡದ ಜೀವಗಳೆಂದರೆ ಅವೇ. ತಲೆಕೆಟ್ಟು ಸ್ನಾನಕ್ಕೆ ಹೋದ.

ಅಷ್ಟರಲ್ಲಿ ಪಕ್ಕದ ಮನೆಯ ಗಿಡ್ಡಮ್ಮ ಒಳಬಂದಳು. ಅವಳ ಮೇಕೆ ನಿನ್ನೆಯಿಂದ ಕಾಣೆ. ಗುಡಿಯಲ್ಲಾದರೆ ದೇವರ ಬಲಗಡೆಯಿಂದ ಹೂ ಬಿದ್ದರೆ ಕೆಲಸ ಆಗುತ್ತದೆ, ಎಡದಿಂದ ಬಿದ್ದರೆ ಇಲ್ಲ. ಗುಡಿ ದೂರ, ಹೆಸರಿನಲ್ಲೇ ಬಸವಣ್ಣನಿರುವ ಹುಳ ಕಣ್ಣೆದುರಿಗಿದೆ. ಅವುಗಳಲ್ಲಿ ದೊಡ್ಡದಕ್ಕೆ ಕೈಮುಗಿದಳು.

"ಸ್ವಾಮಿ, ಮೇಕೆ ಸಿಗೋದಾದ್ರೆ ಬಲಕ್ಕೆ ಹೋಗಪ್ಪಾ."

ಬಚ್ಚಲಲ್ಲಿದ್ದ ತಿಮ್ಮೇಶನಿಗೆ ಕೇಳಿದ್ದು "ಬಲ ಕೊಡ್ತು!" ಎಂಬ ಕೂಗು ಮಾತ್ರ.

ಮಧ್ಯಾಹ್ನಕ್ಕೆ ಮೇಕೆ ತಾನಾಗಿ ಬಂತು. ಆಮೇಲೆ ಕೇಳಬೇಕೆ? ಅಂಗಡಿಗೆ ಹೋಗುವಾಗ ಕೊಟ್ಟುಹೋದ ಮನೆಯ ಕೀಲಿ ಗಿಡ್ಡಮ್ಮನ ಕೈಲಿತ್ತು. ತಿಮ್ಮೇಶ ಊಟಕ್ಕೆ ಬಂದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಊದುಬತ್ತಿಯ ಹೊಗೆ, ಗಾಜಿಗೆ ಕುಂಕುಮ. ಬೋರು ಕೊರೆಸಲೋ ಬೇಡವೋ ಎಂದು ಎದುರುಮನೆ ಓಬಣ್ಣ ಕೇಳಿದರೆ ಹುಳ ಅಲ್ಲಾಡಲಿಲ್ಲ.

"ಯೋಚ್ನೆ ಮಾಡ್ತೈತೆ, ಗಲಾಟೆ ಮಾಡ್ಬ್ಯಾಡ್ರಿ," ಎಂದು ಗಿಡ್ಡಮ್ಮ ಗದರಿದಳು. ಆಮೇಲೆ ತಿಮ್ಮೇಶನ ಕಿವಿಯಲ್ಲಿ, "ನಿನ್ನ ಇಟ್ಕಳ್ಳಾದೋ ಕಳಿಸಾದೋ, ಸಂಜಿಗೆ ಸುಂಕಲಮ್ಮಕ್ಕ ಈ ದೇವ್ರನ್ನೇ ಕೇಳ್ತಾಳಂತೆ," ಎಂದಳು.

ತಿಮ್ಮೇಶನಿಗೆ ಹೋದ ಜೀವ ಬಂತು. ಸೌತೆಕಾಯಿ ಎಂದರೆ ಹುಳುಗಳಿಗೆ ಪ್ರಾಣ ಎಂಬುದು ಅವನಿಗಲ್ಲದೆ ಯಾರಿಗೆ ಗೊತ್ತು? ಜನ ಕರಗಿದ ಮೇಲೆ ತೊಟ್ಟಿಯೆದುರು ನಿಂತು, ತನ್ನ ಬಲಗೈ ಕಡೆಯ ಮೂಲೆಯಲ್ಲಿ ಗಿಡದ ಮರೆಗೆ ಒಂದು ಹೋಳು ತುರುಕಿದ.

ಸಂಜೆ ಸುಂಕಲಮ್ಮ ಕಾಯಿ ಒಡೆದು ಕೇಳಿದಳು: "ತಿಮ್ಮೇಶ ಇರಾದಾದ್ರೆ ಬಲ ಕೊಡು, ಹೋಗಾದಾದ್ರೆ ಎಡ ಕೊಡು."

ದೊಡ್ಡ ಹುಳ ಕೋಡು ಎತ್ತಿತು. ತವರಿಗೆ ಹೊರಟ ಸೊಸೆಯಂತೆ ಸರಸರನೆ ಸೌತೆಕಾಯಿಯತ್ತ ಸಾಗಿತು.

"ಬಲ ಕೊಡ್ತು!" ತಿಮ್ಮೇಶ ಕುಣಿದೇಬಿಟ್ಟ.

"ಯಾರ ಬಲನೋ?" ಎಂದಳು ಸುಂಕಲಮ್ಮ. "ದೇವ್ರು ನಮ್ಮ ಕಡಿಗೆ ಮುಖ ಮಾಡಿ ಕುಂತೈತೆ. ನಿನ್ನ ಬಲ ಅಂದ್ರೆ ದೇವ್ರಿಗೆ ಎಡ."

"ಹೌದು ಕಣಪ್ಪ," ಎಂದಳು ಗಿಡ್ಡಮ್ಮ. "ನನ್ನ ಮೇಕೆ ಕೇಳ್ದಾಗ ಆ ಇನ್ನೊಂದು ಕಡಿಗೆ ಹೋಗಿತ್ತು."

ಸೌತೆಕಾಯಿಯ ವಿಷಯ ಬಾಯಿಬಿಟ್ಟರೆ ದೇವರಿಗೇ ಲಂಚ ಕೊಟ್ಟವನಾಗುತ್ತಾನೆ. ತೊಟ್ಟಿ ಎತ್ತಲು ಹೋದ.

"ಏಯ್, ಅದನ್ಯಾಕೆ ಮುಟ್ತೀಯಾ?" ಸುಂಕಲಮ್ಮ ಅಡ್ಡ ಬಂದಳು. "ಹೋಗು ಅಂದಿದ್ದು ನಿನಗೆ. ದೇವ್ರು ಇಲ್ಲೇ ಇರ್ತೈತೆ."

ತಿಮ್ಮೇಶ ಹಾಸಿಗೆ ಸುತ್ತಿಕೊಂಡು ಹೊಸ್ತಿಲು ದಾಟಿದ. ಹಿಂದಿನಿಂದ ಸುಂಕಲಮ್ಮನ ದನಿ ಮೆತ್ತಗಾಗಿ ಬಂತು.

"ದಿನಾ ಬೆಳಿಗ್ಗೆ ಬಂದು ನೀರು ಬದಲಾಯಿಸಿ ಹೋಗಪ್ಪಾ. ಬರುವಾಗ ಚಪ್ಪಲಿ ಹೊರಗೆ ಬಿಡು."