ಹೊದಿಕೆಯೊಳಗಿನ ಪಾತ್ರ

"ಕತೆಯೆಲ್ಲ ನನ್ನ ಸುತ್ತಲೇ ತಿರುಗತ್ತೆ" ಎಂದು ಕಾಂಪೌಂಡರ್ ಕಂಡಕಂಡವರಿಗೆ ಹೇಳಿಕೊಂಡು ಬಂದದ್ದೇ ಎಲ್ಲಕ್ಕೂ ಮೂಲ. ಮಾತೇನೋ ಸುಳ್ಳಲ್ಲ. ಊರನ್ನೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಕೊಲೆ ಸಿನಿಮಾದ ಎರಡನೆಯ ಭಾಗದಲ್ಲಿ, ಹೆಸರಾಂತ ನಟನಟಿಯರ ದಂಡಿನ ನಡುವೆ, ಕೊಲೆಯಾದವನ ಪಾತ್ರ ಅವನದು. ಕೊಲೆಯಾದ ಮೇಲಿನದು ಎಂಬುದನ್ನಷ್ಟೇ ಬಡಪಾಯಿ ನುಂಗಿಕೊಂಡಿದ್ದ. ಅರ್ಧ ಹೇಳಿ ನಿಲ್ಲಿಸಿದ ಮಾತನ್ನು ಭಗವಂತ ಸುಳ್ಳಿನ ಲೆಕ್ಕಕ್ಕೆ ಹಿಡಿಯಲಾರ ಎಂಬ ನೆಚ್ಚಿಕೆ.

ಬಿಡುಗಡೆಯ ದಿನ ಡಾಕ್ಟರು ಕ್ಲಿನಿಕ್ಕಿಗೇ ಬೀಗ ಹಾಕಿಸಿದರು. "ಜ್ವರ ನಾಳೆಗೂ ಇರತ್ತೆ ಕಣಯ್ಯಾ. ನಿನ್ನ ಸಿನಿಮಾ ಇರತ್ತೋ ಇಲ್ವೋ." ಅತ್ತೆ ಮಂಡಿನೋವು ಮರೆತು ಬಂದಿಳಿದರು. ಮಧ್ಯಾಹ್ನದ ಆಟಕ್ಕೆ ಅತ್ತೆ, ಹೆಂಡತಿ, ಡಾಕ್ಟರ ನಡುವೆ ಅವನು ಸೂಜಿಮದ್ದಿಗೆ ಕಾದ ಮಗುವಿನಂತೆ ಮುದುಡಿ ಕೂತ.

ಮೊದಲ ದೃಶ್ಯದಲ್ಲೇ ಹಜಾರದ ನಡುವೆ ಬಿಳಿ ಹೊದಿಕೆ ಮುಚ್ಚಿದ ಹೆಣ. ಕಾಲಿನ ಬೆರಳು ಬಿಟ್ಟರೆ ಏನೂ ಕಾಣದು. ಹಿರಿಯ ನಟಿ ಒಂದು ಕಣ್ಣಲ್ಲಿ ಅಳುತ್ತ ಇನ್ನೊಂದರಲ್ಲಿ ತಿಜೋರಿ ಹುಡುಕಿದಳು. ಪತ್ತೇದಾರನ ಪಾತ್ರದ ನಾಯಕನಟ ಹೆಣಕ್ಕೇ ಕೈಮುಗಿದು ಹೇಳಿಕೆ ಕೇಳಿದ. ಥೇಟರು ಬಿದ್ದು ಬಿದ್ದು ನಕ್ಕಿತು.

"ನೀವೆಲ್ರೀ?" ಹೆಂಡತಿ ಪಿಸುಗುಟ್ಟಿದಳು.

"ಬರ್ತೀನಿ, ಇರು."

"ಹೆಣದ ಹೊಟ್ಟೆ ನೋಡಯ್ಯಾ, ಏರಿಳೀತಾ ಇದೆ" ಎಂದರು ಡಾಕ್ಟರು, ಇಡೀ ಥೇಟರಿಗೆ ಕೇಳುವ ಹಾಗೆ. "ಯಾವನೋ ದಂಡಪಿಂಡ. ಸತ್ತಹಾಗೆ ಮಲಗೋಕೂ ಬರಲ್ಲ."

ಮುಂದಿನ ಸಾಲು ನಕ್ಕಿತು, ಹಿಂದಿನ ಸಾಲು ಶಿಳ್ಳೆ ಹೊಡೆಯಿತು. "ಪಾಪ, ಅವನ ಹೆಂಡ್ತಿ ನೋಡಿದ್ರೆ ಎಷ್ಟು ನಾಚ್ಕೋತಾಳೋ" ಎಂದರು ಅತ್ತೆ.

ಕಾಂಪೌಂಡರನ ಕಿವಿ ಕೆಂಡವಾಯಿತು. ಚಿತ್ರೀಕರಣದ ದಿನ ನಿರ್ದೇಶಕರು "ಧಾರಾಳವಾಗಿ ಉಸಿರಾಡಿ" ಎಂದಿದ್ದರು. ಅದನ್ನು ಉಪಚಾರವೆಂದುಕೊಂಡು ಅವನು ಕಮ್ಮಾರನ ತಿದಿಯಂತೆ ಉಸಿರಾಡಿದ್ದ.

"ಆ ಕಾಲು..." ಹೆಂಡತಿ ಕಣ್ಣು ಕಿರಿದು ಮಾಡಿದಳು.

"ನಂದಲ್ಲ. ನನ್ನ ಭಾಗ ಕತ್ತರಿಸಿಬಿಟ್ಟಿದಾರೆ. ದೇವರಾಣೆಗೂ ಆ ಹೆಣ ನಾನಲ್ಲ."

ಆಣೆ ಬಾಯಿಂದ ಜಾರಿದ ಮೇಲೆ ಹೊಳೆಯಿತು, ಇದು ಅರ್ಧ ಹೇಳಿ ನಿಲ್ಲಿಸಿದ ಮಾತಲ್ಲ.

ಕೊನೆಯ ದೃಶ್ಯದ ಗುಟ್ಟನ್ನು ಚಿತ್ರತಂಡ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹೆಣಕ್ಕಂತೂ ಯಾರು ಹೇಳುತ್ತಾರೆ. ಪತ್ತೇದಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. "ಅಷ್ಟೊಂದು ಅತ್ತಿರಿ. ಒಬ್ಬರಾದರೂ ಇವನ ಹೊಟ್ಟೆ ನೋಡಿದಿರಾ? ಮೊದಲಿಂದ ಉಸಿರಾಡ್ತಾನೇ ಇದಾನೆ." ಹೊದಿಕೆ ಸರಿಯಿತು. ಅಷ್ಟು ಹೊತ್ತು ಮಲಗಿದ್ದವನು ಕಾಂಪೌಂಡರ್, ಎದ್ದು ಕೂತವನು ಜನ ಪ್ರಾಣಬಿಡುವ ದೊಡ್ಡ ಹಾಸ್ಯನಟ. ಥೇಟರು ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಎಂಥ ಅಭಿನಯ ಕಣಯ್ಯಾ" ಎಂದು ಡಾಕ್ಟರು ಕಣ್ಣೊರೆಸಿಕೊಂಡರು. "ಬರೀ ಹೊಟ್ಟೆಯಲ್ಲೇ ಗುಟ್ಟು ಹೇಳಿಬಿಟ್ಟನಲ್ಲ ಮಹಾನುಭಾವ."

"ಸರ್, ಆ ಹೊಟ್ಟೆ ನಂದು."

"ಆಣೆ ಹಾಕಿ ಅಲ್ಲ ಅಂದ್ಯಲ್ಲ. ಈಗ ಚಪ್ಪಾಳೆ ಬಿದ್ದ ಮೇಲೆ ನಿಂದಾಯ್ತಾ?"

ಅತ್ತೆ ಮಗಳ ಕಿವಿಯಲ್ಲಿ, "ಭಾಗ ಕತ್ತರಿಸಿದ ಸಂಕಟ ತಲೆಗೇರಿದೆ ಕಣೆ. ಮನೇಲಿ ಈ ಮಾತು ಎತ್ತಬೇಡ" ಎಂದರು.

ಸಂಜೆ ಅವನು ಮನೆಗೆ ಬಂದವನೇ ಮುಸುಕೆಳೆದು ಮಲಗಿದ. ಹೆಂಡತಿ ಬಾಗಿಲಲ್ಲಿ ನಿಂತು ಮುಸುಕಿನಡಿ ಏರಿಳಿಯುವ ಹೊಟ್ಟೆಯನ್ನು ಬಹಳ ಹೊತ್ತು ನೋಡಿದಳು.

"ಅದು ನೀವೇ" ಎಂದಳು.

ಅವನು ಧಡಕ್ಕನೆ ಎದ್ದು ಕೂತ. ಇಡೀ ಥೇಟರಿನ ಚಪ್ಪಾಳೆ ಆಗ ತಾನೇ ಅವನನ್ನು ಹುಡುಕಿಕೊಂಡು ಮನೆಗೆ ಬಂದಂತಿತ್ತು. "ನೋಡಿದ್ಯಾ, ನಿನಗಾದ್ರೂ ಗೊತ್ತಾಯ್ತಲ್ಲ."

"ಗೊತ್ತಾಯ್ತು. ದೇವರ ಮೇಲೆ ಸುಳ್ಳು ಆಣೆ ಹಾಕಿದ್ದೂ ಗೊತ್ತಾಯ್ತು. ಇಷ್ಟು ವರ್ಷದಲ್ಲಿ ಇನ್ನೆಷ್ಟು ಹೀಗೆ ಹಾಕಿದೀರಿ, ಅದನ್ನ ಹೇಳಿ ಈಗ."

ಕಾಂಪೌಂಡರ್ ಮೆಲ್ಲಗೆ ಮಲಗಿ ಮತ್ತೆ ಮುಸುಕೆಳೆದುಕೊಂಡ.