ಆರು ನಿಮಿಷದ ಬಂದೋಬಸ್ತು

ಹುಚ್ಚು ಯಾರಿಗಿಲ್ಲ ಹೇಳಿ? ಒಬ್ಬರಿಗೆ ಕ್ರಿಕೆಟ್ಟು, ಒಬ್ಬರಿಗೆ ಸೀರೆ, ನಮ್ಮ ಕೆಳಗಿನ ಮನೆಯವರಿಗೆ ದಿನಕ್ಕೆರಡು ಸಲ ಕಾರು ತೊಳೆಯುವುದು. ನನಗೆ ಹಿಡಿದಿರುವುದು ಪೂರ್ಣ ಸೂರ್ಯಗ್ರಹಣದ ಹುಚ್ಚು. ಬರುವ ವರ್ಷ ಆಗಸ್ಟಿನಲ್ಲಿ ಈಜಿಪ್ಟಿನ ಲಕ್ಸರ್ ಎಂಬ ಊರಿನಲ್ಲಿ ಮಟಮಟ ಮಧ್ಯಾಹ್ನ ಸೂರ್ಯ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಪೂರ್ತಿ ಮುಚ್ಚಿಹೋಗುತ್ತಾನೆ. ನಾನು ಹೋಗುವವನೇ! ನಾವಿರುವ ಕಾಮೋಠೆಯ ಮನೆಯಲ್ಲೇ ಕೂತು ನೋಡಬಾರದೇ ಎಂದು ಕೇಳಬೇಡಿ. ಇಲ್ಲಿ ಅವತ್ತು ಅರೆಬರೆ ಗ್ರಹಣ. ಮೇಲಾಗಿ ನಮ್ಮ ಆಗಸ್ಟಿನ ಮಳೆಯಲ್ಲಿ ಒಗೆದ ಬನಿಯನ್ ಒಣಗಿಸುವಷ್ಟು ಸೂರ್ಯನೂ ಸಿಗುವುದಿಲ್ಲ, ಇನ್ನು ಗ್ರಹಣ ಹಿಡಿಯುವುದಕ್ಕೆ ಎಲ್ಲಿಂದ ಬರಬೇಕು?

ಈ ಹುಚ್ಚಿನ ಮೂಲ ನಮ್ಮ ಅವ್ವ. ನಾನು ರಾಯಚೂರಿನಲ್ಲಿ ಒಂದನೆಯ ಕ್ಲಾಸಿನಲ್ಲಿದ್ದಾಗ ಪೂರ್ಣಗ್ರಹಣವು ವೀಸಾ, ವಿಮಾನ ಏನೂ ಕೇಳದೆ ತಾನಾಗಿಯೇ ನಮ್ಮ ಮನೆಯ ಮೇಲೆ ಬಂದಿತ್ತು. ಅವ್ವ ಕಿಟಕಿಗಳಿಗೆ ಗೋಣಿಚೀಲ ತುರುಕಿ, ನನ್ನನ್ನು ಕೌದಿಯಲ್ಲಿ ಸುತ್ತಿ, ಅದರ ತುದಿಯ ಮೇಲೆ ತಾನೇ ಕೂತುಬಿಟ್ಟಳು. ಹೊರಗೆ ಹಾಡುಹಗಲೇ ಕತ್ತಲಾಯಿತಂತೆ, ಚುಕ್ಕೆ ಕಂಡವಂತೆ, ಕೋಳಿಗಳು ಗೂಡು ಸೇರಿದವಂತೆ. ಎಲ್ಲ ‘ಅಂತೆ’! ನನ್ನ ಪಾಲಿಗೆ ಬಂದದ್ದು ಕೌದಿಯ ಕಮಟು ವಾಸನೆ ಮಾತ್ರ. ನಲವತ್ತು ವರ್ಷದ ಮೇಲಾಯಿತು, ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಅವ್ವನ ಮೇಲೆ ರೇಗಿದರೆ, “ನಿನ್ನ ಕಣ್ಣ ಉಳಿಸೀನಿ, ಅದಕ್ಕಽ ಈಗ ನನಗ ಕಣ್ಣ ಬಿಡಾಕತ್ತೀ” ಅನ್ನುತ್ತಾಳೆ. ಹಾಗೆಂದವಳೇ ಈಗ ನಮ್ಮೊಂದಿಗೆ ಹೊರಟು ನಿಂತಿದ್ದಾಳೆ. “ಗ್ರಹಣದಾಗ ಹೊಳಿ ಸ್ನಾನ ಭಾಳ ಪುಣ್ಯಪಾ. ಅಲ್ಲಿ ನೈಲ್ ಅಂತ ಹೊಳಿ ಐತಂತಲ್ಲ, ನಾನೂ ಬರ್ತೀನಿ. ನೋಡೂದು ಮಾತ್ರ ಇಲ್ಲ, ಕಣ್ಣ ಮುಚ್ಚಿ ಜಪಾ ಮಾಡ್ತೀನಿ!”

ನಮ್ಮ ತಂಡದಲ್ಲಿ ಐದು ಜನ: ನಾನು, ಹೆಂಡತಿ ವಿಮಲಾ, ಕಾಲೇಜಿಗೆ ಹೋಗುವ ಮಗಳು ರಶ್ಮಿ, ಅವ್ವ, ಮತ್ತು ಮಾಜಿವಾಡಾದಲ್ಲಿ ಹೋಟೆಲು ಇಟ್ಟಿರುವ ಗೆಳೆಯ ಶೆಟ್ಟರು. ನನ್ನ ನೌಕರಿ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ. ಸರಳು ತುಂಬಿದ ಟ್ರೇಲರುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು ನನ್ನ ಕೆಲಸ. ಯಾವ ಗಾಡಿ, ಎಷ್ಟು ಹೊತ್ತಿಗೆ, ಯಾರ ಹೊಣೆ ಎಂದು ಪಟ್ಟಿ ಬರೆಯದೆ ಇಪ್ಪತ್ತು ವರ್ಷಗಳಲ್ಲಿ ಒಂದು ಮೊಳೆಯನ್ನೂ ಗೇಟು ದಾಟಿಸಿದವನಲ್ಲ. ಅಂಥವನು ಆರು ನಿಮಿಷದ ಗ್ರಹಣವನ್ನು ದೇವರ ಮೇಲೆ ಭಾರ ಹಾಕಿ ಬಿಡುತ್ತೇನೆಯೇ? ಹದಿನೇಳು ಸಾಲಿನ ಪಟ್ಟಿ ಮಾಡಿದೆ. ಕಪ್ಪು ಕನ್ನಡಕ ತೆಗೆಯುವುದು, ಮತ್ತೆ ಹಾಕುವುದು, ಅವ್ವನಿಗೆ ಟವೆಲು ಕೊಡುವುದು, ಎಲ್ಲಕ್ಕೂ ಒಬ್ಬೊಬ್ಬರ ಹೆಸರು. ಶೆಟ್ಟರು ಪಟ್ಟಿಯನ್ನು ಎರಡು ಸಲ ಓದಿ, “ಅಲ್ಲ ಮಾರಾಯ್ರೆ, ಮಧ್ಯಾಹ್ನ ಒಂದು ಗಂಟೆ ಅಂದ್ರೆ ಊಟದ ಹೊತ್ತಲ್ವಾ? ಊಟ ಎಲ್ಲುಂಟು ಇದ್ರಲ್ಲಿ?” ಎಂದರು. “ಗ್ರಹಣದಾಗ ಊಟಾನ? ಶಿವಶಿವಾ!” ಎಂದು ಅವ್ವ ಕೆನ್ನೆ ಬಡಿದುಕೊಂಡಳು.

ಕಳೆದ ಭಾನುವಾರ ನಮ್ಮ ಕಟ್ಟಡದ ಟೆರೇಸಿನ ಮೇಲೆ ತಾಲೀಮು ಇಟ್ಟುಕೊಂಡೆ. ಎಂಥ ಉತ್ಸಾಹ ಅಂತೀರಿ! ನೀರಿನ ಟಾಕಿಗೆ ಹಿಟ್ಟು ನಾದುವ ಪರಾತವನ್ನು ಕಟ್ಟಿದೆವು, ಅದು ಸೂರ್ಯ. ಪಕ್ಕದಲ್ಲಿ ಹಗ್ಗಕ್ಕೆ ರೊಟ್ಟಿಯ ಹಂಚನ್ನು ತೂಗುಹಾಕಿದೆವು; ಅದು ಚಂದ್ರ. ಹಗ್ಗ ಎಳೆದು ಚಂದ್ರನನ್ನು ಸೂರ್ಯನ ಮುಂದೆ ತರುವುದು ರಶ್ಮಿಯ ಕೆಲಸ. ಅವ್ವ ಪ್ಲಾಸ್ಟಿಕ್ ಟಬ್ಬಿನಲ್ಲಿ ಕಾಲಿಟ್ಟು ಕೂತಳು. ಅದು ನೈಲ್ ನದಿ. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ ಹಿಡಿದು ನಾನು ಸೀಟಿ ಊದಿದೆನೋ ಇಲ್ಲವೋ, ಶುರುವಾಯಿತು ನೋಡಿ! “ಒಂದನೇ ನಿಮಿಷ! ಕನ್ನಡಕ ತೆಗೀರಿ! ವಿಮಲಾ, ಟವೆಲ್ ಎಲ್ಲಿ? ಶೆಟ್ರೆ, ಊಟದ ಡಬ್ಬಿ ಮುಚ್ರಿ! ಎರಡನೇ ನಿಮಿಷ! ಅವ್ವಾ, ಟಬ್ ಬಿಟ್ಟು ಏಳಬ್ಯಾಡ! ಎಲ್ಲಾರೂ ಮ್ಯಾಲೆ ನೋಡ್ರಿ, ಮ್ಯಾಲೆ!” ಟೆರೇಸಿನ ಈ ತುದಿಯಿಂದ ಆ ತುದಿಗೆ ನನ್ನ ಓಟವೇ ಓಟ. ಆರನೇ ನಿಮಿಷಕ್ಕೆ ಸರಿಯಾಗಿ ಸೀಟಿ ಊದಿ, ಹದಿನೇಳೂ ಸಾಲಿಗೆ ಟಿಕ್ ಹಾಕಿ, ಆನಂದ ತಡೆಯಲಾರದೆ ಒಂದು ಸುತ್ತು ಕುಣಿದೂಬಿಟ್ಟೆ.

ರಶ್ಮಿ ಹಗ್ಗ ಹಿಡಿದೇ ನಿಂತಿದ್ದಳು. “ಪಪ್ಪಾ, ಗ್ರಹಣ್ ಕಸಂ ದಿಸಲಂ?” ಎಂದು ತನ್ನ ಮರಾಠಿಯಲ್ಲಿ ಕೇಳಿದಳು. ಹೇಗೆ ಕಾಣಿಸಿತು ಅಂತ.

“ಫಸ್ಟ್ ಕ್ಲಾಸ್!” ಎಂದೆ. “ಪರಾತ ಪೂರಾ ಮುಚ್ಚಿ, ಸುತ್ತ ಅಂಚಷ್ಟೇ ಮಿರಿಮಿರಿ ಮಿಂಚ್ತಿತ್ತು.”

ಶೆಟ್ಟರು ಡಬ್ಬಿಯ ಕಡೆ ನೋಡಿದರು. ವಿಮಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ರೀ, ಸ್ವಲ್ಪ ಟಾಕಿ ಕಡೆ ನೋಡ್ರಿ” ಎಂದಳು. ನೋಡಿದೆ. ಹಗ್ಗ ನಲ್ಲಿಯ ಪೈಪಿಗೆ ಸಿಕ್ಕಿಕೊಂಡಿತ್ತು. ಚಂದ್ರ ಹೊರಟ ಜಾಗದಿಂದ ಒಂದು ಗೇಣೂ ಅಲುಗಿರಲಿಲ್ಲ. ಸೂರ್ಯ ಬಿಸಿಲಿಗೆ ಝಗಝಗ ಹೊಳೆಯುತ್ತಿದ್ದ. ಗ್ರಹಣ ಹಿಡಿದೇ ಇರಲಿಲ್ಲ!

ತಾಲೀಮಾದ್ದರಿಂದ ಬಚಾವು. ಲಕ್ಸರಿನಲ್ಲಿ ಹೀಗಾಗಿದ್ದರೆ? ಇಷ್ಟು ವರ್ಷ ಕಾದದ್ದು ತಲೆಯ ಮೇಲೆ ಬಂದು ಹೋಗುತ್ತಿತ್ತು, ನಾನು ಟವೆಲು ಹುಡುಕುತ್ತಿರುತ್ತಿದ್ದೆ. ಅವ್ವ ಟಬ್ಬಿನಿಂದ ಕಾಲು ತೆಗೆದು ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು: “ಅಷ್ಟ ದೂರ ಹೋಗಿ ಗಡಿಯಾರ ನೋಡಾಂವ ಇದ್ರ, ಇಲ್ಲೇ ಗ್ವಾಡಿಗೆ ಒಂದು ಐತಲ್ಲಪಾ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆದರೆ ಮಾತು ಎಲ್ಲಿಗೆ ತಾಕಬೇಕೋ ಅಲ್ಲಿಗೆ ತಾಕಿತ್ತು. ಇನ್ನು ಈ ಗುಮಾಸ್ತಿಕೆ ಸಾಕು, ನೋಡುವವನಾಗಿ ಹೋಗಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ. ಸಂಜೆ ಪಟ್ಟಿಗೆ ಹದಿನೆಂಟನೆಯ ಸಾಲು ಸೇರಿಸಿದೆ. ಕೆಲಸ: ಮೇಲೆ ನೋಡುವುದು. ಮಾಡುವವರು: ನಾನು. ಆಮೇಲೆ ಅದರ ಐದು ಪ್ರತಿ ತೆಗೆಸಿ, ಎಲ್ಲರಿಗೂ ಹಂಚಿ, ತಲುಪಿದ್ದಕ್ಕೆ ಸಹಿ ಮಾಡಿಸಿಕೊಂಡೆ.