ಅತ್ತಿಯವರ ಮೊಣಕಾಲು, ನನ್ನ ಗುಳಿಗಿ

ನಮ್ಮ ಮನ್ಯಾಗ ಗುಟ್ಟು ಅನ್ನೋದು ಮೂರು ದಿನದ ಮ್ಯಾಲ ಬಾಳೋದಿಲ್ಲ. ಹೊರಗ ಬಿದ್ದಾಗೂ ಸುಮ್ಮನ ಬೀಳೋದಿಲ್ಲ, ಓಣಿ ತುಂಬ ಉರುಳಾಡಿಕೊಂತ ಹೋಗತೈತಿ. ನಂದೊಂದು ಗುಟ್ಟು ಮಾತ್ರ ಅದು ಹೆಂಗೋ ಮೂರು ವರ್ಷ ಬಾಳಿತು. ಅದು ಬಯಲಾದ ಮ್ಯಾಲ ಐದಾರು ತಿಂಗಳು ಏನೇನು ನಡೀತು ಅನ್ನೋದನ್ನ ಹೇಳಾಕ ಕೂತೀನಿ. ಓದಿದವರು ನಗ್ರಿ, ಅಡ್ಡಿಯಿಲ್ಲ. ಆಗಲೇ ಓಣಿ ಎಲ್ಲಾ ನಕ್ಕೈತಿ.

ನಾವು ಆಂಧ್ರದ ಆದವಾನಿಯವರು. ಮಾವನವರು ಪೌರೋಹಿತ್ಯ ಮಾಡ್ತಾರ. ನಮ್ಮನಿಯವರಿಗೆ ಹತ್ತಿ ಮಾರ್ಕೆಟ್ಟಿನ ಆಫೀಸಿನಾಗ ನೌಕರಿ. ನಾ ಹತ್ರದ ಹಳ್ಳಿ ಪೆದ್ದಹರಿವಾಣಂ ಸಾಲ್ಯಾಗ ಕನ್ನಡ ಮೀಡಿಯಂ ಟೀಚರು. ಇನ್ನ ಅತ್ತಿಯವರು. ಅವರ ಬಗ್ಗೆನೇ ಈ ಎಲ್ಲಾ ಕಥಿ.

ಪ್ರದಕ್ಷಿಣಿ

ಮದುವಿಯಾದಾಗ ನಾ ಟೀಚರ್ ಪರೀಕ್ಷಾಕ್ಕ ಓದಾಕ ಹತ್ತಿದ್ದೆ. ನೌಕರಿ ಸಿಗೋತನ ಮಕ್ಕಳು ಬ್ಯಾಡ ಅಂತ ಗಂಡ ಹೆಂಡ್ತಿ ಮಾತಾಡಿಕೊಂಡು, ಡಾಕ್ಟರ್ ಹತ್ರ ಹೋಗಿ ಮಕ್ಕಳಾಗದಂಗ ನುಂಗೋ ಗುಳಿಗಿ ಬರೆಸಿಕೊಂಡು ಬಂದ್ವಿ. ಅವ್ವಗ ನಾ ಹೇಳ್ತೀನಿ ಅಂದ್ರು ನಮ್ಮನಿಯವರು. ಇವತ್ತು ಹೇಳ್ತೀನಿ, ನಾಳಿ ಹೇಳ್ತೀನಿ ಅಂತ ಮೂರು ವರ್ಷ ತಳ್ಳಿದ್ರು. ಅತ್ತಿಯವರು ಒಮ್ಮೆ ಅದೇನು ಗುಳಿಗಿ ಅಂತ ಕೇಳಿದಾಗ, ಮಹಾನುಭಾವರು ಪೇಪರಿನಿಂದ ಮುಖ ಎತ್ತದ ಶಕ್ತಿ ಗುಳಿಗಿ ಅಂದುಬಿಟ್ರು.

ಆ ಕಡೆ ಅತ್ತಿಯವರದು ಬ್ಯಾರೆನೇ ನಡದಿತ್ತು. ಮೊಮ್ಮಗು ಆಗಲಿ ಅಂತ ದಿನಾ ಮುಂಜಾನೆ ಹನುಮಂತದೇವರ ಗುಡಿ ಅರಳಿಕಟ್ಟಿಗೆ ನಲವತ್ತೆಂಟು ಸುತ್ತು ಹಾಕತಿದ್ರು. ನನಗ ಇದು ಗೊತ್ತಿರಲಿಲ್ಲ, ವಾಕಿಂಗ್ ಹೊಕ್ಕಾರ ಅಂತ ತಿಳಕೊಂಡಿದ್ದೆ. ಸುತ್ತಿ ಸುತ್ತಿ ಮೊಣಕಾಲು ಹಿಡಕೊಂಡ್ವು. ಕಾಲಿಗೆ ಶಕ್ತಿ ಬೇಕಾತು. ಮನ್ಯಾಗ ಶಕ್ತಿ ಗುಳಿಗಿ ಇದ್ದೇ ಇದ್ವಲ್ಲ.

ನನ್ನ ಡಬ್ಬ್ಯಾಗಿಂದ ಒಂದು ಗುಳಿಗಿ ಪಟ್ಟಿ ತಗೊಂಡ್ರು. ಅದರ ಹಿಂದ ಬಾಣದ ಗುರುತು ಇರತಾವು, ಇವತ್ತು ಇದು, ನಾಳಿ ಅದು ಅಂತ. ಅದನ್ನ ನೋಡಿ, ಪ್ರದಕ್ಷಿಣಿ ಹಂಗ ಎಡದಿಂದ ಬಲಕ್ಕ ನುಂಗಬೇಕು ಅಂತ ತಿಳಕೊಂಡು ನಿಯಮದ ಪ್ರಕಾರ ಶುರು ಮಾಡಿದ್ರು. ಆರು ದಿನಕ್ಕ ಮೊಣಕಾಲು ಹಗುರಾದ್ವಂತ. ಖುಷಿಲಿಂದ ಮೆಡಿಕಲ್ ಶಾಪಿಗೆ ಹೋಗಿ ಆ ಪಟ್ಟಿ ತೋರಿಸಿ ಇನ್ನೂ ಎರಡು ಕೊಡು ಅಂದ್ರು. ಅಂಗಡಿ ತುಂಬ ಮಂದಿ. ಅಂಗಡಿಯಂವ ಪಟ್ಟಿ ನೋಡಿದ, ಅರವತ್ತೆರಡು ವರ್ಷದ ಇವರನ್ನ ನೋಡಿದ, ಮತ್ತ ಪಟ್ಟಿ ನೋಡಿದ.

“ಎವರಿಕಿ ಪೆದ್ದಮ್ಮಾ?” ಅಂದ. ಯಾರಿಗೆ ಅಂತ.

“ನಾಕೇ ನಾಯನಾ,” ಅಂದ್ರು ಇವರು. ನನಗೇ ಅಂತ.

ಆಮ್ಯಾಲ ಅಂವ ಮೆತ್ತಗ ಅದು ಯಾವ ಗುಳಿಗಿ ಅಂತ ತಿಳಿಸಿ ಹೇಳ್ಯಾನ. ಅತ್ತಿಯವರು ಮನಿಗೆ ಬಂದವರು ಎರಡು ದಿನ ನಮ್ಮಿಬ್ಬರ ಕೂಡ ಮಾತಾಡಲಿಲ್ಲ. ನೌಕರಿ ಬಂದು ಎರಡು ತಿಂಗಳಾಗಿತ್ತು, ಗುಳಿಗಿ ಬಿಡಬೇಕು ಅಂತ ನಾವೂ ಅಂದುಕೊಂಡಿದ್ವಿ. ಆ ಮಾತು ಹೇಳಿ, ತಪ್ಪಾತು ಅತ್ತಿ ಅಂತ ಕಾಲು ಹಿಡಕೊಂಡೆ. ಬೈಯಲಿಲ್ಲ ಅವರು. ಮೊಣಕಾಲು ನೀವಿಕೊಂತ ಕೂತು ಕೇಳಿದ್ರು: “ನಾ ಸುತ್ತಿದ್ದು ಸುತ್ತಿದ್ದೇ, ನೀ ನುಂಗಿದ್ದು ನುಂಗಿದ್ದೇ. ನಡುವ ಆ ಹನುಮಂತದೇವರು ಯಾರ ಮಾತು ಕೇಳಬೇಕಿತ್ತವ್ವಾ?”

ಆರಾಮ ಇರ್ರಿ

ಗುಳಿಗಿ ಬಿಟ್ಟೆ. ಮುಂದಿನ ತಿಂಗಳು ಮುಟ್ಟು ಬರತೈತಿ ಅಂದುಕೊಂಡೆ, ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಬಸಿರಿದ್ದರೂ ಇರಬಹುದು ಅಂತ ಆಸಿಲಿಂದ ಮನ್ಯಾಗ ಪರೀಕ್ಷಾ ಮಾಡಿಕೊಂಡ್ರ ಅದೂ ಇಲ್ಲ. ಮೂರು ತಿಂಗಳಾದಾಗ ನನಗ ಖರೇನ ಅಂಜಿಕಿ ಬಂತು. ನಾನೇ ನನ್ನ ಮೈ ಕೆಡಿಸಿಕೊಂಡೆ ಏನೋ, ಅತ್ತಿಯವರ ಮುಂದ ಯಾವ ಮುಖ ಹೊತ್ತು ಓಡಾಡಲಿ ಅಂತ ಬಚ್ಚಲಮನ್ಯಾಗ ಅತ್ತದ್ದೂ ಐತಿ.

ಅತ್ತಿಯವರು ಅಷ್ಟರಾಗ ತಮ್ಮದೇ ಉಪಾಯ ಹುಡುಕಿದ್ರು. ಮೂರು ವರ್ಷದ ಗುಳಿಗಿ ಎಲ್ಲಾ ಹೊಟ್ಟ್ಯಾಗ ಕೂತೈತಿ, ಅದನ್ನ ತೊಳದು ಹಾಕಬೇಕು ಅಂತ ಒಂದು ಬಾಟ್ಲಿ ಹರಳೆಣ್ಣಿ ಕಾಸಿ ಇಟ್ಟಿದ್ರು. ಪುಣ್ಯಕ್ಕ ಅದನ್ನ ಕುಡಿಸೂದಕ್ಕಿಂತ ಮೊದಲು ಡಾಕ್ಟರಮ್ಮನ ಹತ್ರ ಕರಕೊಂಡು ಹೋದ್ರು, ಬಾಟ್ಲಿ ಸಮೇತ.

ಡಾಕ್ಟರಮ್ಮ ಒಳ್ಳೇಕಿ. ಗುಳಿಗಿ ಬಿಟ್ಟ ಕೆಲವೇ ದಿನದಾಗ ಅದು ಮೈಯಿಂದ ಹೋಗೇ ಹೋಗತೈತಿ, ತೊಳಿಯಾಕ ಒಳಗ ಏನೂ ಇಲ್ಲ ಅಂದ್ಲು. ಕೆಲವರ ಮೈ ತನ್ನ ಲೆಕ್ಕಕ್ಕ ಬರಾಕ ಸ್ವಲ್ಪ ದಿನ ಹಿಡೀತೈತಿ, ಆದ್ರೂ ಮೂರು ತಿಂಗಳಾದದ್ದಕ್ಕ ತೋರಿಸಾಕ ಬಂದದ್ದು ಚಲೋ ಆತು ಅಂತ ಹೇಳಿ ರಕ್ತ ಪರೀಕ್ಷಾ ಮಾಡಿಸಿದ್ಲು. ರಕ್ತ ಸ್ವಲ್ಪ ಕಡಿಮಿ ಇತ್ತು, ಉಳಿದದ್ದೆಲ್ಲ ಸರಿ. ಫೋಲಿಕ್ ಆಸಿಡ್ ಗುಳಿಗಿ ಕೊಟ್ಟು, ತಪ್ಪಲ ಪಲ್ಲೆ, ಕಾಳು, ಶೇಂಗಾ ತಿನ್ರಿ, ಹೊತ್ತಿಗೆ ಸರಿಯಾಗಿ ಮಲಗ್ರಿ, ಮುಖ್ಯ ಅಂದ್ರ ಆರಾಮ ಇರ್ರಿ ಅಂದ್ಲು. ಅತ್ತಿಯವರು ಬಾಟ್ಲಿ ತೋರಿಸಿ, ಹಂಗಾದ್ರ ಇದನ್ನ ಏನು ಮಾಡ್ಲಿ ಅಂತ ಕೇಳಿದ್ರು. ನಿಮ್ಮ ಮೊಣಕಾಲಿಗೆ ಹಚ್ಚಿಕೊಳ್ರಿ ಅಂದ್ಲು.

ಅವತ್ತಿಂದ ನನ್ನ ಆರಾಮ ಹಾಳಾತು. ರೊಟ್ಟಿ ಬಡಿಯಾಕ ಕೂತ್ರ ಕೈಯಾಗಿನ ಹಿಟ್ಟು ಕಸಗೊಂಡು ಆರಾಮ ಇರವ್ವಾ ಅಂತಿದ್ರು. ಪುಸ್ತಕ ಹಿಡದ್ರ ಪುಸ್ತಕ ಮಾಯ. ಕಣ್ಣು ಮುಚ್ಚಿದ್ರ ಭುಜ ಅಲುಗಿಸಿ ಎಬ್ಬಿಸಿ ಕೇಳತಿದ್ರು: “ಆರಾಮ ಅದೀ ಇಲ್ಲೋ?”

ನುಗ್ಗಿ ತಪ್ಪಲ

ಸಾಲ್ಯಾಗ ಮಧ್ಯಾಹ್ನದ ಊಟ ಮಾಡೋ ಅಡಗಿಯಾಕಿ ನನ್ನ ಮುಖ ನೋಡೇ ಏನೋ ಐತಿ ಅಂತ ಹಿಡದ್ಲು. ರಕ್ತ ಕಡಿಮಿ ಐತಂತವ್ವಾ ಅಂತ ಅಷ್ಟೇ ಅಂದೆ. ಏಂ ಕಾದುಲೇ ಟೀಚರಮ್ಮಾ, ಏನೂ ಆಗೂದಿಲ್ಲ, ನಾ ಅದೀನಿ ಅಂತ ಸೆರಗು ಸಿಗಿಸಿದ್ಲು. ಸರ್ಕಾರ ಮಕ್ಕಳಿಗೆ ಕೊಡೋ ಕೋಳಿ ತತ್ತಿ ಇದ್ವು. ಏಕಾದಶಿ ಹಿಡಿಯೋ ಮನಿಯಾಕಿಗೆ ತತ್ತಿ ಹೆಂಗ ಕೊಡೂದು ಅಂತ ಆಕಿಗೆ ಗೊತ್ತು. ಅದಕ್ಕ ತನ್ನ ಹಿತ್ತಲದಾಗಿನ ನುಗ್ಗಿ ಗಿಡಕ್ಕ ಕೈ ಹಾಕಿದ್ಲು.

ನನಗೊಬ್ಬಾಕಿಗೆ ಬ್ಯಾರೆ ಅಡಗಿ ಮಾಡಿದ್ರ ಹೆಡ್ ಮಾಸ್ಟರ್ ಕೇಳ್ತಾರ ಅಂತ ಆಕಿ ಸೀದಾ ದೊಡ್ಡ ಪಾತ್ರಿಗೇ ನುಗ್ಗಿ ತಪ್ಪಲ ಸುರುವಿದ್ಲು. ಸೋಮವಾರ ನುಗ್ಗಿ ತಪ್ಪಲದ ಸಾರು, ಮಂಗಳವಾರ ನುಗ್ಗಿ ತಪ್ಪಲದ ಬ್ಯಾಳಿ, ಬುಧವಾರ ನುಗ್ಗಿ ತಪ್ಪಲದ ಚಿತ್ರಾನ್ನ. ಮೂರು ವಾರ ಹಂಗ ನಡೀತು. ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರು ಮಕ್ಕಳ ಊಟ ಭಾಳ ಪೌಷ್ಟಿಕ ಐತಿ ಅಂತ ಹೆಡ್ ಮಾಸ್ಟರನ್ನ ಹೊಗಳಿ ಹೋದ್ರು. ಹೆಡ್ ಮಾಸ್ಟರಿಗೆ ಯಾಕ ಹೊಗಳಿದ್ರು ಅಂತ ಇವತ್ತಿಗೂ ಗೊತ್ತಿಲ್ಲ.

ಮಕ್ಕಳಿಗೆ ಮಾತ್ರ ಕಾರಣ ಗೊತ್ತಾಗಿತ್ತು. ಒಂದಿನ ಪಾಠ ಮುಗಿಸಿ, ಯಾರಿಗಾದರೂ ಏನಾದರೂ ಕೇಳೂದೈತೇನು ಅಂದೆ. ಮೂರನೇ ಕ್ಲಾಸಿನ ಹುಡುಗಿ ಒಬ್ಬಾಕಿ ಎದ್ದು ನಿಂತು, ಎಲ್ಲಾರ ಪರವಾಗಿ ಕೈ ಕಟ್ಟಿಕೊಂಡು ಕೇಳಿದ್ಲು: “ಟೀಚರ್, ನಿಮ್ಮ ರಕ್ತ ಯಾವಾಗ ಪೂರ್ತಿ ಆಗತೈತ್ರಿ?”

ಎರಡು ಕೆಂಪು ಸುತ್ತು

ನಮ್ಮ ಓಣ್ಯಾಗ ಏಕಾದಶಿ ಯಾವತ್ತು ಅನ್ನೋದನ್ನ ನಮ್ಮ ಮಾವನವರ ಕ್ಯಾಲೆಂಡರ್ ಹೇಳತೈತಿ. ಪೇಪರಿನವರು ಒಂದು ದಿನ ಅಂತಾರ, ಪಂಚಾಂಗ ಇನ್ನೊಂದು ದಿನ ಅಂತೈತಿ. ಅದಕ್ಕ ಯುಗಾದಿಗೇ ಮಾವನವರು ಇಡೀ ವರ್ಷದ ಏಕಾದಶಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಪಡಸಾಲ್ಯಾಗ ತೂಗು ಹಾಕಿರತಾರ. ಎಲ್ಲೋ ಒಂದೊಂದು ಸಲ ಎರಡು ದಿನ ಕೂಡಿ ಉಪವಾಸ ಬರತೈತಿ, ಆಗ ಒತ್ತೊತ್ತಿಗೆ ಎರಡು ಸುತ್ತು. ಸುತ್ತ ಐದು ಮನಿ ಹೆಂಗಸರು ಬಾಗಲದಾಗ ನಿಂತು ಇಣಿಕಿ ನೋಡಿ ಹೋಗತಾರ.

ಡಾಕ್ಟರಮ್ಮ ಮತ್ತ ಬರ್ರಿ ಅಂದ ತಾರೀಖನ್ನ ಮರೀಬಾರದು ಅಂತ ನಮ್ಮನಿಯವರು ಕ್ಯಾಲೆಂಡರಿನಾಗ ಗುರುತು ಮಾಡಿದ್ರು. ಕೈಗೆ ಸಿಕ್ಕದ್ದು ಅಪ್ಪನ ಕೆಂಪು ಪೆನ್ನು. ತಾರೀಖು ಬಿದ್ದದ್ದು ಏಕಾದಶಿ ಮರುದಿನ. ಮೂರು ವರ್ಷ ಬಾಯಿ ಬಿಡಲಿಲ್ಲ, ಈಗ ಪೆನ್ನು ಬಿಟ್ರು.

ಮಾವನವರು ಮದ್ದಿಕೇರಕ್ಕ ಒಂದು ಗೃಹಪ್ರವೇಶ ಮಾಡಸಾಕ ಹೋಗಿದ್ರು. ಏಕಾದಶಿ ಉಪವಾಸ ಆತು. ಮರುದಿನ ನಸುಕಿನಾಗ ಪಾರಣಿ ಇರತೈತಿ, ಎದ್ದು ಉಂಡುಬಿಡಬೇಕು. ಗಂಡ ಹೆಂಡ್ತಿ ಇಬ್ಬರೂ ಟೋಕನ್ನಿಗೆ ಅಂತ ಅದಕ್ಕೂ ಮೊದಲ ದವಾಖಾನಿಗೆ ಹೋದ್ವಿ. ಡಾಕ್ಟರಮ್ಮ ರಕ್ತ ಏರೈತಿ, ಇನ್ನೊಂದು ತಿಂಗಳು ನೋಡೂಣು ಅಂದ್ಲು. ಹಸಿದು ಕಂಗಾಲಾಗಿ ಮಧ್ಯಾಹ್ನ ಮನಿಗೆ ಬಂದ್ರ ಒಲಿ ತಣ್ಣಗ. ಅತ್ತಿಯವರು ಹಸಿ ಬಟ್ಟಿ ಹೊಟ್ಟಿ ಮ್ಯಾಲ ಹಾಕಿಕೊಂಡು ಮಲಗಿದ್ರು. ಊಟ ಎಲ್ಲೆ ಅಂದ್ರ ಬೆರಳಿಲೆ ಕ್ಯಾಲೆಂಡರ್ ತೋರಿಸಿದ್ರು. ಎರಡು ಸುತ್ತು ಕಾಣಸೂದಿಲ್ಲೇನು, ಈ ಸಲ ಎರಡು ದಿನ ಅಂದ್ರು.

ಅಷ್ಟರಾಗ ಮದ್ದಿಕೇರದಾಗ ಗಡದ್ದಾಗಿ ಪಾರಣಿ ಮುಗಿಸಿದ ಮಾವನವರು ಒಳಗ ಬಂದ್ರು. ವಿಷಯ ತಿಳಿದು ತಲಿ ಮ್ಯಾಲ ಕೈ ಇಟ್ಟುಕೊಂಡು ಕೂತ್ರು. ಅತ್ತಿಯವರು, ಹೋಗ್ಲಿ ಬಿಡ್ರಿ, ಸೊಸಿ ಸಲುವಾಗಿ ಒಂದಿನ ಹೆಚ್ಚಿಗಿ ಆತು, ನನಗೇನು ಭಾರಿಲ್ಲ ಅಂದ್ರು. ಮಾವನವರು ಬಾಗಲದ ಕಡೆ ನೋಡಿಕೊಂತ ಅಂದ್ರು: “ನಿನಗ ಭಾರಿಲ್ಲ. ಆ ಐದು ಮನಿಯವರಿಗೆ ಯಾರು ಹೇಳಬೇಕು?”

ಮಾವನವರೇ ಐದೂ ಮನಿಗೆ ಹೋಗಿ ಹೇಳಿ ಬಂದ್ರು. ಯಾಕ, ಏನು ಅಂತ ಅವರು ಬಿಡದ ಕೇಳಿದ್ದಕ್ಕ, ಸೊಸಿ ದವಾಖಾನಿ ತಾರೀಖು ಅನ್ನೋದೂ ಬಯಲಾತು.

ಚಿಗಳಿ

ಐದನೇ ತಿಂಗಳು, ಒಂದು ರವಿವಾರ ಮುಂಜಾನೆ, ಹೊಟ್ಟ್ಯಾಗ ಹಳೇ ನೋವು ಹಿಂಡಿತು. ಮುಟ್ಟು ಬಂದಿತ್ತು. ಬಚ್ಚಲದಾಗ ನಿಂತು ಮತ್ತ ಅತ್ತೆ, ಈ ಸಲ ಸಂತೋಷಕ್ಕ.

ನಮ್ಮ ಮನ್ಯಾಗ ಇನ್ನೂ ಮೂರು ದಿನ ಹೊರಗ ಕೂಡೋ ಪದ್ಧತಿ ಐತಿ. ಕಟ್ಟಿ ಮ್ಯಾಲ ಒಂದು ಚಾಪಿ, ಒಂದು ತಂಬಿಗಿ. ನನಗ ಅದು ಸರಿ ಬರೂದಿಲ್ಲ, ಆದ್ರ ಮೂರು ದಿನ ಅಡಗಿ ತಪ್ಪತೈತಿ ಅಂತ ಜಗಳ ಮುಂದಕ್ಕ ಹಾಕಿಕೊಂತ ಬಂದೀನಿ. ಮೊದಲೆಲ್ಲ ನಾ ಆ ಚಾಪಿ ಹಾಸಿದಾಗೆಲ್ಲ, ಈ ತಿಂಗಳೂ ಇಲ್ಲ ಅಂತ ಅತ್ತಿಯವರು ನಿಟ್ಟುಸಿರು ಬಿಡತಿದ್ರು. ಅವತ್ತು ಚಾಪಿ ಹಾಸಿದ್ದು ನೋಡಿ ಕೈಯಾಗಿನ ತಟ್ಟಿ ಬಿಟ್ಟುಬಿಟ್ರು. ಖರೇನ ಅಂದ್ರು. ಹೌದ್ರಿ ಅಂದೆ. ಮುಟ್ಟಬಾರದು ಅನ್ನೋದನ್ನ ಮರತು ಬಂದು ನನ್ನ ಗಲ್ಲ ಹಿಡದು ಲಟಿಕಿ ಮುರದ್ರು. ಆ ಮ್ಯಾಲ ನೆಪ್ಪಾಗಿ, ಮುಂಜಾನೆ ಮಾಡಿದ ಸ್ನಾನ ಮತ್ತೊಮ್ಮೆ ಮಾಡಿದ್ರು.

ನಾ ಪರೀಕ್ಷಾ ಪೇಪರ್ ತಿದ್ದಿಕೊಂತ ಕೂತೆ. ಒಳಗಿಂದ ಕುಟ್ಟೋ ಸಪ್ಪಳ ಕೇಳಸಾಕ ಹತ್ತಿತು. ಎಳ್ಳು, ಬೆಲ್ಲ, ಒಣಕೊಬ್ಬರಿ ಕುಟ್ಟಿ ಚಿಗಳಿ ಮಾಡಾಕ ಹತ್ತಿದ್ರು. ಹೊಸದಾಗಿ ಶುರುವಾದ ಮೈಗೆ ಇದು ಬೇಕವ್ವಾ ಅಂದ್ರು. ಉಪವಾಸ ಬಿದ್ದ ಐದು ಮನಿಗೂ ಒಂದೊಂದು ಬಟ್ಟಲ ಕಳಿಸಿದ್ರು, ನಮ್ಮ ಮನಿ ದೆಸಿಲಿಂದ ಹಸದಾರಲ್ಲ ಪಾಪ ಅಂತ.

ನಮ್ಮ ಕಡೆ ಮನಿಗೆ ಚಿಗಳಿ ಬಂತು ಅಂದ್ರ ಒಂದೇ ಅರ್ಥ. ಆ ಮನ್ಯಾಗ ಹುಡುಗಿ ಮೈನೆರದಾಳ. ಸಂಜಿಗೆ ಐದೂ ಮನಿ ಹೆಂಗಸರು ಹೊಸ ಸೀರಿ ಉಟ್ಟು, ಒಣಕೊಬ್ಬರಿ, ಬಳಿ, ಜಂಪರ್ ಪೀಸು, ಆರತಿ ತಟ್ಟಿ ಹಿಡಕೊಂಡು, ಹಾಡ್ಕೊಂತ ಬಂದ್ರು. ಬಂದು ಹಾಡು ನಿಲ್ಲಿಸಿ ಒಳಗ ಹೊರಗ ನೋಡಿದ್ರು. ನಮ್ಮ ಮನ್ಯಾಗ ಹುಡುಗಿನೇ ಇಲ್ಲ. ಎದುರುಮನಿ ಅಜ್ಜಿ, ಯಾರವ್ವಾ ದೊಡ್ಡಾಕಿ ಆದದ್ದು ಅಂತ ಕೇಳಿದ್ಲು. ಅತ್ತಿಯವರು ಬೆರಳು ಮಾಡಿ ನನ್ನನ್ನ ತೋರಿಸಿದ್ರು.

ಮೂವತ್ತೊಂದು ವರ್ಷದಾಕಿ, ಚಶ್ಮಾ ಹಾಕಿಕೊಂಡು, ಕೆಂಪು ಪೆನ್ನು ಹಿಡಕೊಂಡು ಕೂತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಜ್ಜಿ ನನ್ನನ್ನ ನೋಡಿದ್ಲು, ತಟ್ಟಿ ನೋಡಿದ್ಲು, ತಂದದ್ದು ವಾಪಸ್ ಒಯ್ಯೂದು ಅಶುಭ ಅಂದ್ಲು. ಐದು ಮಂದಿ ಕೂಡಿ ದೂರ ನಿಂತು ನನಗ ಆರತಿ ಎತ್ತಿ, ಹಾಡು ಪೂರ್ತಿ ಹಾಡಿಯೇ ಹೋದ್ರು. ನಮ್ಮನಿಯವರು ಹಿತ್ತಲ ಬಾಗಲದಿಂದ ಓಡಿ ಹೋದವರು ಊಟದ ಹೊತ್ತಿಗೇ ಬಂದ್ರು.

ಎಲ್ಲಾರೂ ಹೋದ ಮ್ಯಾಲ ಅತ್ತಿಯವರು ಸ್ವಲ್ಪ ದೂರದಾಗ ಕೂತ್ರು. ನಕ್ಕು ನಕ್ಕು ಇಬ್ಬರ ಕಣ್ಣಾಗೂ ನೀರು. ನಾಳಿಂದ ಅರಳಿಕಟ್ಟಿಗೆ ಮತ್ತ ಸುತ್ತಾಕ ಹೊಕ್ಕೀನಿ ಅಂದ್ರು. ಮೊಣಕಾಲು ನೋಡಿಕೊಳ್ರಿ, ಬ್ಯಾಡ ಅಂದೆ. ಕೇಳಲಿಲ್ಲ. ಒಂದು ಮಾತು ಮಾತ್ರ ಮೊದಲ ಇತ್ಯರ್ಥ ಆಗಬೇಕು ಅಂದ್ರು.

“ಈ ಸಲ ಖರೇ ಹೇಳು. ಬ್ಯಾರೆ ಗುಳಿಗಿ ಏನೂ ನುಂಗತಿಲ್ಲಲ್ಲ?”

“ಡಾಕ್ಟರಮ್ಮ ಕೊಟ್ಟ ಫೋಲಿಕ್ ಆಸಿಡ್ ಒಂದೇ ಅತ್ತಿ. ಮಗು ಬೇಕು ಅನ್ನೋರು ನುಂಗೂದು ಅದು.”

ಅತ್ತಿಯವರು ಮೆಲ್ಲಕ ಕೈ ಚಾಚಿದ್ರು.

“ನನಗೂ ಒಂದು ಕೊಡು. ಮೊಣಕಾಲಿಗೆ.”